ನಿವೇಶನದ ಮಟ್ಟವನ್ನು ಗೊತ್ತುಮಾಡುವವರಾರು?

(ಬಡಾವಣೆಯ ನಿವಾಸಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸಭೆಯ ಕರೆಯೋಲೆಯಲ್ಲಿ ನನ್ನ ಭಾಷಣದ ವಿಷಯ 'ಸ್ಥಳೀಯ ಸ್ವಯಮಾಡಳಿತ' ಎಂದು ಅಚ್ಚಾಗಿದೆ. ದೊಡ್ಡ ಮಾತು. ಅದರ ಮೇಲೆ ಒಂದು ಗಂಟೆ ಮಾತನಾಡಿ, 1957ರ ಬಲವಂತರಾಯ್ ಮೆಹ್ತಾ ಸಮಿತಿಯಿಂದ ಹಿಡಿದು ಸಂವಿಧಾನದ 74ನೆಯ ತಿದ್ದುಪಡಿಯವರೆಗೆ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಹೋಗಬಹುದಾಗಿತ್ತು. ಆದರೆ ಈಗ ಇಲ್ಲಿಗೆ ಬರುವಾಗ ಮೂರನೆಯ ಅಡ್ಡರಸ್ತೆಯ ತುದಿಯಲ್ಲಿ ಒಂದು ಮನೆಯ ಬಾಗಿಲಿಗೆ ಅಡ್ಡಲಾಗಿ ಮೊಳಕಾಲೆತ್ತರದ ಇಟ್ಟಿಗೆ ಗೋಡೆ ಕಟ್ಟಿರುವುದನ್ನು ಕಂಡೆ. ಆ ಮನೆಯ ಅಜ್ಜಿ ಗೋಡೆ ದಾಟಲು ಆಚೆಗೊಂದು ಈಚೆಗೊಂದು ಕಲ್ಲು ಇಟ್ಟುಕೊಂಡಿದ್ದಾರೆ. ಮಳೆಯ ನೀರು ಒಳಗೆ ನುಗ್ಗಬಾರದೆಂದು ಮಾಡಿಕೊಂಡ ಏರ್ಪಾಡು ಅದು. ನಾನು ಇವೊತ್ತು ಆ ಗೋಡೆಯ ವಿಚಾರವನ್ನೇ ಮಾತನಾಡುತ್ತೇನೆ. ಸ್ವಯಮಾಡಳಿತವೆಂಬುದು ಅಲ್ಲಿಯೇ ಸಿಕ್ಕಿದರೆ ಸಿಕ್ಕಲಿ.

ಆ ಮನೆ ಕಟ್ಟಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಾಗಿತ್ತು. ನನಗೆ ಗೊತ್ತು, ಹತ್ತಿ ಹೋಗಿ ಕಾಫಿ ಕುಡಿದಿದ್ದೇನೆ. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆಯೇನೂ ನೆಲಕ್ಕೆ ಕುಸಿದಿಲ್ಲ. ಅದರ ಸುತ್ತಲಿನ ಊರು ಮೇಲೆದ್ದಿದೆ.

ಇದು ಹೇಗಾಯಿತೆಂದು ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಸದಸ್ಯನಾಗಿದ್ದ ಕಾಲದಲ್ಲಿ ಈ ರಸ್ತೆಗೆ ಡಾಂಬರು ಬೇಕೆಂದು ಗುದ್ದಾಡಿದವರಲ್ಲಿ ನಾನೂ ಒಬ್ಬ. ಮೊದಲು ಮಣ್ಣಿನ ರಸ್ತೆ ಇತ್ತು. ಅದರ ಮೇಲೆ ಜೆಲ್ಲಿ ಬಿತ್ತು, ಜೆಲ್ಲಿಯ ಮೇಲೆ ಡಾಂಬರು ಬಿತ್ತು. ಆಮೇಲೆ ಕೆಲವು ವರ್ಷಕ್ಕೊಮ್ಮೆ ಹಳೆಯ ಡಾಂಬರಿನ ಮೇಲೆಯೇ ಹೊಸ ಡಾಂಬರು, ಪ್ರತಿಸಲಕ್ಕೂ ಎರಡು ಮೂರು ಇಂಚು. ಕೊನೆಗೆ ಅದರ ಮೇಲೆಯೇ ಕಾಂಕ್ರೀಟು. ಹಳೆಯ ಪದರವನ್ನು ಕೆರೆದು ತೆಗೆದು ಆಮೇಲೆ ಹೊಸದನ್ನು ಹಾಕಬೇಕೆಂದು ಅಂದಾಜುಪಟ್ಟಿಯಲ್ಲಿ ಯಾರೂ ಬರೆಯಲಿಲ್ಲ. ಬರೆಯಿರೆಂದು ನಾನೂ ಹೇಳಲಿಲ್ಲ. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡೆ. ಆ ವರ್ಷದ ಮಳೆಗಾಲದಲ್ಲಿ ಅಜ್ಜಿಯ ಮನೆಯ ಅಕ್ಕಿ ಡಬ್ಬ ನೀರಿನಲ್ಲಿ ತೇಲಿತು. ನೋಡಲು ಹೋದಾಗ ಅವರು ಬೈಯಲಿಲ್ಲ. "ರಸ್ತೆ ಚೆಂದ ಆತು ಕಣಪ್ಪಾ, ನೀರಿಗೂ ಮನೆಗೆ ಬರಾಕೆ ಅನುಕೂಲ ಆತು" ಎಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಮುಂದೆ ಅವರ ಪಕ್ಕದ ನಿವೇಶನವನ್ನು ಕೊಂಡವರು ಲೆಕ್ಕ ಬಲ್ಲವರು. ರಸ್ತೆ ಇನ್ನೂ ಏರುತ್ತದೆಂದು ಊಹಿಸಿ ಇಪ್ಪತ್ತು ಟಿಪ್ಪರ್ ಮಣ್ಣು ಹೊಡೆಸಿ, ಮೂವತ್ತು-ನಲವತ್ತರ ನಿವೇಶನವನ್ನು ಮೂರಡಿ ಎತ್ತರಿಸಿ, ಅದರ ಮೇಲೆ ಪಾಯ ತೆಗೆದರು. ಮನೆಯ ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟರು, ಆದರೆ ಅಂಗೈಯಗಲ ಮಣ್ಣು ಕಾಣದಂತೆ ಸಿಮೆಂಟು ಬಳಿದು ವಾಟವನ್ನು ಅಜ್ಜಿಯ ಹಿತ್ತಲ ಕಡೆಗೆ ಕೊಟ್ಟರು. ಅವರನ್ನು ನಾನು ದೂಷಿಸಲಾರೆ. ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟುವವನು ತನ್ನ ಮನೆಗೆ ನೀರು ಬರದಂತೆ ನೋಡಿಕೊಳ್ಳುವುದು ಪಾಪವೆ? ಅವರಿಗಿಂತ ಈಚೆಗೆ ಕಟ್ಟಿದವರು ನಾಲ್ಕಡಿ ಏರಿಸಿದ್ದಾರೆ. ನಾಳೆ ಕಟ್ಟುವವರು ಐದಡಿ ಏರಿಸುತ್ತಾರೆ. ಹೀಗೆ ನಮ್ಮ ಬೀದಿಯಲ್ಲಿ ನೆಲದ ಎತ್ತರ ಹಣದ ಚೀಲದ ಎತ್ತರದಂತೆ ಏರುತ್ತಿದೆ. ಮೊದಲು ಬಂದವನು, ಸಾಲವಿಲ್ಲದೆ ಸಣ್ಣದಾಗಿ ಕಟ್ಟಿಕೊಂಡವನು, ಮತ್ತೆ ಕಟ್ಟಲು ಶಕ್ತಿಯಿಲ್ಲದವನು ಕೆಳಗೆ ಉಳಿಯುತ್ತಾನೆ. ಎಲ್ಲರ ಮನೆಯ ನೀರೂ ಅವನಲ್ಲಿಗೆ ಬರುತ್ತದೆ.

ಎಷ್ಟು ನೀರು? ಈ ಲೆಕ್ಕವನ್ನು ಮಕ್ಕಳೂ ಮಾಡಬಹುದು. ಮೂವತ್ತು ಅಡಿಗೆ ನಲವತ್ತು ಅಡಿ ಎಂದರೆ 1,200 ಚದರಡಿ, ಸುಮಾರು 111 ಚದರ ಮೀಟರು. ಅದರ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ 1,100 ಲೀಟರು. ಹತ್ತು ಸೆಂಟಿಮೀಟರು, ಅಂದರೆ ಮಲೆನಾಡಿನ ಆಷಾಢದಲ್ಲಿ ಯಾರೂ ಬೆರಗಾಗದ ಒಂದು ದಿನದ ಮಳೆ, ಬಿದ್ದರೆ 11,000 ಲೀಟರು, ಅಂದರೆ ಏಳುನೂರಕ್ಕೂ ಹೆಚ್ಚು ಕೊಡ. ಇದು ಒಂದು ನಿವೇಶನದ ಮಾತು. ಬೀದಿಯಲ್ಲಿ ನಲವತ್ತು ನಿವೇಶನಗಳಿದ್ದರೆ ಸುಮಾರು ನಾಲ್ಕೂವರೆ ಲಕ್ಷ ಲೀಟರು. ಮಣ್ಣಿದ್ದಾಗ ಅದರಲ್ಲಿ ಒಂದು ಪಾಲು ನೆಲಕ್ಕೆ ಇಂಗುತ್ತಿತ್ತು, ಉಳಿದುದು ನಿಧಾನವಾಗಿ ಹರಿಯುತ್ತಿತ್ತು. ಈಗ ತಾರಸಿ, ಸಿಮೆಂಟು ಅಂಗಳ, ಕಾಂಕ್ರೀಟು ರಸ್ತೆ. ಬಿದ್ದ ನೀರೆಲ್ಲ ಬಿದ್ದ ಗಳಿಗೆಯಲ್ಲಿಯೇ ಓಡುತ್ತದೆ, ಮತ್ತು ತಗ್ಗಿನ ಕಡೆಗೇ ಓಡುತ್ತದೆ. ನೀರಿಗೆ ಖಾತೆ ಪಹಣಿಗಳ ಪರಿಚಯವಿಲ್ಲ.

ಇದಕ್ಕೆಲ್ಲ ಕಾನೂನಿಲ್ಲವೆ ಎಂದು ನೀವು ಕೇಳಬಹುದು. ಕಾನೂನು ಇದೆ. ಆದರೆ ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದನ್ನು ತಾಳ್ಮೆಯಿಂದ ನೋಡಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬುದೊಂದಿದೆ. 1970ರಲ್ಲಿ ಮೊದಲು ಪ್ರಕಟವಾದದ್ದು, 1983, 2005, 2016ರಲ್ಲಿ ಪರಿಷ್ಕಾರವಾದದ್ದು. ಅದರ 2005ರ ಆವೃತ್ತಿಯಲ್ಲಿ ಮನೆಯ ಪ್ಲಿಂತ್ ಸುತ್ತಲಿನ ನೆಲಕ್ಕಿಂತ 450 ಮಿಲಿಮೀಟರಿಗೆ, ಅಂದರೆ ಒಂದೂವರೆ ಅಡಿಗೆ, ಕಡಿಮೆಯಿರಕೂಡದೆಂದೂ, ನಿವೇಶನದ ನೀರು ಸರಿಯಾಗಿ ಹರಿದುಹೋಗುವಂತೆ ಅದು ಇರಬೇಕೆಂದೂ ಹೇಳಿದೆ. ಮನೆಯೊಳಗಿನ ಅಂಗಳ ಹತ್ತಿರದ ರಸ್ತೆಯ ನಡುಮಟ್ಟಕ್ಕಿಂತ 150 ಮಿಲಿಮೀಟರಾದರೂ ಎತ್ತರವಿರಬೇಕೆಂದಿದೆ. ಒಳ್ಳೆಯ ಮಾತೇ. ಆದರೆ 'ಸುತ್ತಲಿನ ನೆಲ' ಎಂದರೆ ಯಾವ ನೆಲ? ಮಣ್ಣು ಹೊಡೆಸುವ ಮೊದಲಿನದೋ, ಹೊಡೆಸಿದ ಮೇಲಿನದೋ? ಮೂರಡಿ ಭರ್ತಿ ಮಾಡಿ ಅದರ ಮೇಲೆ ಒಂದೂವರೆ ಅಡಿ ಪ್ಲಿಂತ್ ಕಟ್ಟಿದವನು ನಿಯಮವನ್ನು ಅಕ್ಷರಶಃ ಪಾಲಿಸಿದಂತೆಯೇ ಆಯಿತು. ರಸ್ತೆ ಮುಂದಿನ ವರ್ಷ ಅರ್ಧ ಅಡಿ ಏರಿದರೆ ನಿಯಮ ಪಾಲಿಸಿದ ಹಳೆಯ ಮನೆಯ ಗತಿಯೇನು? ಕಡಿಮೆಯೆಂದರೆ ಎಷ್ಟು ಎಂಬುದನ್ನು ಮಾತ್ರ ಹೇಳಿದೆ. ಹೆಚ್ಚೆಂದರೆ ಎಷ್ಟು?

ಇನ್ನು ಬಡಾವಣೆಗಳ ವಿಚಾರ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯ 32ನೆಯ ಕಲಮನ್ನು ಓದಿ. ಹೊಸ ಬಡಾವಣೆ ಮಾಡುವವನು ಅರ್ಜಿಯೊಡನೆ ನಕ್ಷೆ ಕೊಡಬೇಕು. ಅದರಲ್ಲಿ ರಸ್ತೆಯ ಉದ್ದೇಶಿತ ಮಟ್ಟ, ದಿಕ್ಕು, ಅಗಲಗಳನ್ನು ತೋರಿಸಬೇಕು. ರಸ್ತೆಯನ್ನು ಸಮ ಮಾಡುವುದಕ್ಕೆ, ಚರಂಡಿಗೆ, ದೀಪಕ್ಕೆ ಏನು ಏರ್ಪಾಡೆಂದು ಹೇಳಬೇಕು. ಮಟ್ಟ ಎಂಬ ಮಾತು ಅಲ್ಲಿ ಬಂದಿದೆ! ಆದರೆ ಬಂದಿರುವುದು ರಸ್ತೆಗೆ. ಆ ಪಟ್ಟಿಯಲ್ಲಿ ನಿವೇಶನವೊಂದೊಂದರ ಮಟ್ಟದ ಮಾತಿಲ್ಲ. ನಿವೇಶನದ ಉದ್ದವನ್ನೂ ಅಗಲವನ್ನೂ ಅಂಗುಲ ಅಂಗುಲವಾಗಿ ಅಳೆದು ಕ್ರಯಪತ್ರದಲ್ಲಿ ಬರೆಯುತ್ತೇವೆ, ಚೆಕ್‌ಬಂದಿ ಹಾಕುತ್ತೇವೆ. ಎತ್ತರದ ಬಗ್ಗೆ ಒಂದು ಸಾಲಿಲ್ಲ. ನೆಲಕ್ಕೆ ಇರುವುದು ಎರಡೇ ಅಳತೆ ಎಂಬಂತೆ ನಡೆದುಕೊಂಡಿದ್ದೇವೆ.

ಪರವಾನಗಿಗಾಗಿ ಕೊಡುವ ಮನೆಯ ನಕ್ಷೆಯನ್ನು ಎಂದಾದರೂ ನೋಡಿದ್ದೀರಾ? ಪಾಯದ ಹತ್ತಿರ ಒಂದು ಉದ್ದನೆಯ ನೇರ ಗೆರೆ ಎಳೆದು 'ಜಿ.ಎಲ್.' ಎಂದು ಬರೆದಿರುತ್ತಾರೆ. ಗ್ರೌಂಡ್ ಲೆವೆಲ್. ನಮ್ಮ ಊರು ಊಟದ ಮೇಜಿನಂತೆ ಸಪಾಟಾಗಿದೆ ಎಂದು ಆ ಗೆರೆ ಹೇಳುತ್ತದೆ. ನೀವು ಸೈಕಲ್ ತುಳಿದುಕೊಂಡು ಬಂದಿದ್ದರೆ ನಿಮ್ಮ ತೊಡೆಗಳಿಗೆ ಬೇರೆಯೇ ಗೊತ್ತಿದೆ. ಪಕ್ಕದ ಮನೆಯ ನೆಲ ಆ ಗೆರೆಗಿಂತ ಮೇಲೋ ಕೆಳಗೋ, ನೀರು ಯಾವ ಮೂಲೆಯಿಂದ ಆಚೆ ಹೋಗಬೇಕು, ಚರಂಡಿಯ ತಳ ಎಲ್ಲಿದೆ - ಇವು ಯಾವುವೂ ಆ ಕಾಗದದಲ್ಲಿ ಇರುವುದಿಲ್ಲ. ಆದರೂ ಅದಕ್ಕೆ ಮೊಹರು ಬೀಳುತ್ತದೆ.

ಇದಕ್ಕಿಂತ ಹಳೆಯ ಕಾನೂನೊಂದಿದೆ - 1882ರ ಈಸ್‌ಮೆಂಟ್ ಕಾಯಿದೆ. ಮೇಲಿನ ಜಮೀನಿನ ಮೇಲೆ ಬಿದ್ದ ನೀರು, ಗೊತ್ತಾದ ಕಾಲುವೆಯಲ್ಲಿ ಹರಿಯದ ನೀರು, ಸಹಜವಾಗಿ ಕೆಳಗಿನ ಜಮೀನಿಗೆ ಇಳಿದುಹೋಗಲು ಕೆಳಗಿನವನು ಬಿಡಬೇಕು. ಅದು ಮೇಲಿನವನ ಹಕ್ಕು ಎಂದು ಅದರ 7ನೆಯ ಕಲಮು ಉದಾಹರಣೆ ಕೊಡುತ್ತದೆ. 'ಸಹಜವಾಗಿ' ಎಂಬ ಮಾತನ್ನು ಗಮನಿಸಬೇಕು. ಗದ್ದೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಗದ್ದೆಯ ನೀರು ಅಂಚಿನ ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿಯುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಕೆಳಗಿನವನು ಒಂದು ವರ್ಷ ಮಣ್ಣು ಹೊತ್ತು ತನ್ನ ಗದ್ದೆಯನ್ನು ಮೇಲಿನದಕ್ಕಿಂತ ಮೂರಡಿ ಏರಿಸಿಬಿಟ್ಟರೆ ಊರು ಸುಮ್ಮನಿರುವುದೆ? ಪಟ್ಟಣದಲ್ಲಿ ನಡೆಯುತ್ತಿರುವುದು ಅದೇ. ಕೆಳಗಿನವನು ಎಂಬುವನು ಹಣ ಕೊಟ್ಟು ಮೇಲಿನವನಾಗುತ್ತಾನೆ, ಆಮೇಲೆ ಮೇಲಿನವನ ಹಕ್ಕನ್ನು ಕೇಳುತ್ತಾನೆ. ಅಜ್ಜಿ ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಬಹುದು. ವಕೀಲರ ಫೀಸಿಗಿಂತ ಇಟ್ಟಿಗೆ ಅಗ್ಗವೆಂದು ಅವರು ಗೋಡೆ ಕಟ್ಟಿಕೊಂಡರು.

ಇದುವರೆಗೆ ಹೇಳಿದ್ದು ಬೀದಿಯ ಮಟ್ಟದ ಮಾತು. ಬೀದಿಯ ನೀರು ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ. ಹಳ್ಳ ಎಲ್ಲಿದೆ? ನಿಮ್ಮಲ್ಲಿ ಯಾರಾದರೂ ಬಡಾವಣೆಯ ನಕ್ಷೆಯನ್ನಲ್ಲ, ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆಯನ್ನು ತೆಗೆಸಿ ನೋಡಿ. ಇಂದು ದಿಶಾಂಕ್ ಎಂಬ ಆ್ಯಪ್ ಇದ್ದರೆ ಮೊಬೈಲಿನಲ್ಲಿಯೇ ನೀವು ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. 1966ರ ಭೂಕಂದಾಯ ನಿಯಮಗಳಲ್ಲಿ ಖರಾಬು ಎರಡು ಬಗೆ. ಸರ್ವೆಯ ಕಾಲಕ್ಕೆ ಸಾಗುವಳಿಗೆ ಬಾರದ್ದು 'ಎ' ಖರಾಬು. ರಸ್ತೆ, ಕಾಲುದಾರಿ, ಇತರರೂ ಬಳಸುವ ಕೆರೆ ಹಳ್ಳಗಳಂಥ ಸಾರ್ವಜನಿಕ ಜಾಗ 'ಬಿ' ಖರಾಬು. 1964ರ ಭೂಕಂದಾಯ ಕಾಯಿದೆಯ 67ನೆಯ ಕಲಮಿನ ಪ್ರಕಾರ ಹಳ್ಳ, ಕೆರೆ, ಕಾಲುವೆಗಳ ಪಾತ್ರ, ಖಾಸಗಿ ಸ್ವತ್ತೆಂದು ಸಿದ್ಧವಾಗದ ಹೊರತು, ಸರ್ಕಾರದ್ದು. ಅಂದರೆ ನಮ್ಮೆಲ್ಲರದು. ಆದರೆ ಹಳ್ಳ ವರ್ಷದಲ್ಲಿ ಎಂಟು ತಿಂಗಳು ಒಣಗಿರುತ್ತದೆ. ನಿವೇಶನ ಮಾರುವವನು ಗಿರಾಕಿಯನ್ನು ಕರೆತರುವುದು ಸಾಮಾನ್ಯವಾಗಿ ಆ ಎಂಟು ತಿಂಗಳಲ್ಲಿಯೇ.

ಇದರ ಫಲವನ್ನು ಬೆಂಗಳೂರು 2022ರ ಸೆಪ್ಟೆಂಬರಿನಲ್ಲಿ ಕಂಡಿತು. ಒಂದು ರಾತ್ರಿ ಸುಮಾರು 13 ಸೆಂಟಿಮೀಟರು ಮಳೆ ಬಿತ್ತು. ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಪತ್ರಿಕೆಗಳಲ್ಲಿ ಆ ಟ್ರ್ಯಾಕ್ಟರಿನ ಚಿತ್ರ ನೋಡಿ ಕೆಲವರು ನಕ್ಕರು, ನಾನು ನಗಲಿಲ್ಲ. ಕೆರೆಯಿಂದ ಕೆರೆಗೆ ಕೋಡಿ ನೀರು ಒಯ್ಯುತ್ತಿದ್ದ ರಾಜಕಾಲುವೆಗಳ ದಾರಿಯಲ್ಲಿ ಮಣ್ಣು ತುಂಬಿ ಕಟ್ಟಿದರೆ ಹಣವಂತನ ಮನೆಗೂ ನೀರು ಬರುತ್ತದೆ, ನಿಜ. ಆದರೆ ಹಣವಂತ ಹೋಟೆಲಿಗೆ ಹೋದ. ಅದೇ ತಗ್ಗಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕೂಲಿಯವನು ಎಲ್ಲಿಗೆ ಹೋದನೆಂದು ಯಾವ ಚಿತ್ರವೂ ಹೇಳಲಿಲ್ಲ. ರಾಜಕಾಲುವೆಯ ಅಂಚಿನಿಂದ ಎಷ್ಟು ದೂರ ಕಟ್ಟಬಾರದೆಂಬುದಕ್ಕೂ ಜಗಳ ನಡೆದಿದೆ. 2016ರಲ್ಲಿ ಹಸಿರು ನ್ಯಾಯಮಂಡಲಿ ಅಂತರವನ್ನು ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟು ಆ ಹೆಚ್ಚಳವನ್ನು ತೆಗೆದುಹಾಕಿತು. ದೂರದ ಬಗ್ಗೆ ಇಷ್ಟು ವಾದ ನಡೆಯಿತು. ಎತ್ತರದ ಬಗ್ಗೆ ಇದರ ಕಾಲುಭಾಗದಷ್ಟು ಚರ್ಚೆಯನ್ನೂ ನಾನು ಕೇಳಿಲ್ಲ.

ನಮ್ಮ ಕಡೆಯ ಗುಡ್ಡದ ಊರುಗಳಲ್ಲಿ ಕಥೆ ತಿರುಗುಮುರುಗು. ಅಲ್ಲಿ ತುಂಬುವುದಿಲ್ಲ, ಕಡಿಯುತ್ತಾರೆ. ಇಳಿಜಾರನ್ನು ಜೆಸಿಬಿಯಿಂದ ಗೋಡೆಯಂತೆ ನೆಟ್ಟಗೆ ಕಡಿದು ಮನೆಗೆ ಜಾಗ ಮಾಡುತ್ತಾರೆ. ಹಿಂದೆ ಹದಿನೈದಡಿ ದರೆ, ಮುಂದೆ ಮನೆ. ದರೆಯ ನೆತ್ತಿಯಲ್ಲಿ ನೀರು ಬೇರೆ ಕಡೆಗೆ ತಿರುಗಿಸುವ ಒಂದು ಸಣ್ಣ ಕಾಲುವೆಯನ್ನೂ ತೋಡಿರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರುಗಳಲ್ಲಿ ಗುಡ್ಡ ಜಾರಿದಾಗ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅತಿಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದು ಮಾರ್ಪಡಿಸಿದ್ದನ್ನೂ ಕಾರಣವಾಗಿ ಹೇಳಿದರು. ಅಜ್ಜಿಯ ಮನೆಯಲ್ಲಿ ಅಕ್ಕಿ ನೆನೆಯಿತು. ಅಲ್ಲಿ ಜೀವಗಳೇ ಹೋದವು.

ಬೇರೆ ದೇಶದವರು ಏನು ಮಾಡುತ್ತಾರೆ? ಅವರು ನಮಗಿಂತ ಬುದ್ಧಿವಂತರೆಂದು ಹೇಳುತ್ತಿಲ್ಲ, ಅವರಲ್ಲಿಯೂ ಮನೆಗಳು ಮುಳುಗುತ್ತವೆ. ಆದರೂ ಅಮೆರಿಕದ ಅನೇಕ ಊರುಗಳು ಅನುಸರಿಸುವ ಮಾದರಿ ಸಂಹಿತೆಯಲ್ಲಿ ಒಂದು ಸರಳ ನಿಯಮವಿದೆ: ಪಾಯದಿಂದ ಹೊರಕ್ಕೆ ಮೊದಲ ಹತ್ತಡಿಯಲ್ಲಿ ನೆಲ ಆರಿಂಚು ಇಳಿಯಬೇಕು. ಅಷ್ಟು ಜಾಗವಿಲ್ಲದಿದ್ದರೆ ನೀರನ್ನು ಒಯ್ಯಲು ಚರಂಡಿ ಮಾಡಬೇಕು. ಮೂವತ್ತಡಿ ಅಗಲದ ನಿವೇಶನದಲ್ಲಿ ಎರಡೂ ಕಡೆ ಹತ್ತು ಹತ್ತಡಿ ಬಿಟ್ಟರೆ ಮನೆಗೆ ಉಳಿಯುವುದು ಹತ್ತಡಿ. ಆದುದರಿಂದ ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಕೆನಡದ ಆಂಟೇರಿಯೊ ಪ್ರಾಂತ್ಯದ ಅನೇಕ ಪಟ್ಟಣಗಳ ಪದ್ಧತಿ ನಮಗೆ ಹೆಚ್ಚು ಉಪಯುಕ್ತ. ಅಲ್ಲಿ ಬಡಾವಣೆಗೆ ಅನುಮತಿ ಕೊಡುವಾಗಲೇ ಪ್ರತಿ ನಿವೇಶನದ ಮೂಲೆಗಳ ಎತ್ತರವನ್ನೂ ನೀರು ಹರಿಯುವ ದಿಕ್ಕನ್ನೂ ನಕ್ಷೆಯಲ್ಲಿ ಗೊತ್ತುಮಾಡುತ್ತಾರೆ. ಎರಡು ಮನೆಗಳ ನಡುವೆ ಎರಡಕ್ಕೂ ಸೇರಿದ ತಗ್ಗು ಕಾಲುವೆ ಇರುತ್ತದೆ, ಅದನ್ನು ಮುಚ್ಚಕೂಡದು. ಕಟ್ಟುವವನು ಠೇವಣಿ ಇಡಬೇಕು. ಕಟ್ಟಿದ ಮೇಲೆ ಸರ್ವೇಯರೋ ಇಂಜಿನಿಯರೋ ಅಳೆದು, ನೆಲ ನಕ್ಷೆಯಂತಿದೆಯೆಂದು ಬರೆದುಕೊಟ್ಟರೆ ಠೇವಣಿ ವಾಪಸು.

ಇದನ್ನು ಕೇಳಿದೊಡನೆ ನಮ್ಮ ಮಿತ್ರರೊಬ್ಬರು ಹೇಳಿದರು: "ಇನ್ನೊಂದು ಸರ್ಟಿಫಿಕೇಟೆ? ಇನ್ನೊಂದು ಮೇಜು, ಇನ್ನೊಂದು ಲಕೋಟೆ!" ಅವರ ಮಾತನ್ನು ತಳ್ಳಿಹಾಕಲಾರೆ. ಅಧಿಕಾರಿಯ ಸಹಿಗೆ ಬೆಲೆ ಕಟ್ಟುವ ದೇಶದಲ್ಲಿ ಹೊಸ ಸಹಿಯೊಂದನ್ನು ಹುಟ್ಟಿಸುವ ಮೊದಲು ಎರಡು ಸಲ ಯೋಚಿಸಬೇಕು. ಆದರೆ ಮಟ್ಟಕ್ಕೆ ಒಂದು ವಿಶೇಷವಿದೆ. ಅದನ್ನು ಅಳೆಯಲು ಅಧಿಕಾರಿ ಬೇಕಾಗಿಲ್ಲ. ಯಾವ ಗಾರೆ ಮೇಸ್ತ್ರಿಯನ್ನು ಬೇಕಾದರೂ ಕೇಳಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗಾಳಿಗುಳ್ಳೆ ತೆಗೆದು, ಎರಡು ತುದಿಯನ್ನು ಇಬ್ಬರು ಹಿಡಿದರೆ ಇಡೀ ಬೀದಿಯ ಮಟ್ಟ ಸಿಗುತ್ತದೆ. ನೀರು ಲಂಚ ತಿನ್ನುವುದಿಲ್ಲ. ಬೇಕಾಗಿರುವುದು ಎಲ್ಲಿಂದ ಅಳೆಯಬೇಕೆಂಬ ಒಂದು ಗುರುತು ಮಾತ್ರ.

ನೀವು ರೈಲು ನಿಲ್ದಾಣದ ಹಳದಿ ಹಲಗೆಯನ್ನು ನೋಡಿದ್ದೀರಿ. ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರು ಎತ್ತರ ಎಂದು ಬರೆದಿರುತ್ತದೆ. ರೈಲಿಗೆ ತನ್ನ ಮಟ್ಟ ಗೊತ್ತು, ಏಕೆಂದರೆ ಗೊತ್ತಿಲ್ಲದಿದ್ದರೆ ಅದು ಓಡುವುದಿಲ್ಲ. ಹಾಗೆಯೇ ಪ್ರತಿ ಬೀದಿಯ ಮೂಲೆಯಲ್ಲಿ ಒಂದು ಕಲ್ಲು ನೆಟ್ಟು ಅದರ ಮೇಲೆ ಮಟ್ಟದ ಅಂಕಿ ಕೆತ್ತಿಸಲಿ. ರಸ್ತೆಯ ನಡುಮಟ್ಟ ಇಷ್ಟು, ಚರಂಡಿಯ ತಳ ಇಷ್ಟು, ಈ ಬೀದಿಯ ಮನೆಗಳ ಪ್ಲಿಂತ್ ಇಷ್ಟಕ್ಕೆ ಕಡಿಮೆಯಿಲ್ಲ, ಇಷ್ಟಕ್ಕೆ ಹೆಚ್ಚಿಲ್ಲ. ಹೊಸ ಬಡಾವಣೆಯಾದರೆ ಮೊದಲ ನಿವೇಶನ ಮಾರುವ ಮುಂಚೆಯೇ ಇದು ಆಗಬೇಕು. ನಿವೇಶನದ ಅಂಕಿ ಕ್ರಯಪತ್ರದಲ್ಲಿಯೂ ಬರಬೇಕು. ಮನೆಯ ಪರವಾನಗಿಯ ನಕ್ಷೆಯಲ್ಲಿ ಆ ನೇರ ಗೆರೆಯ ಬದಲು ಅಕ್ಕಪಕ್ಕದ ನೆಲದ ಮಟ್ಟವೂ ನೀರು ಹೊರಡುವ ಮೂಲೆಯೂ ಇರಬೇಕು. ಪಾಯ ಮುಗಿದ ದಿನ, ಗೋಡೆ ಏಳುವ ಮೊದಲು, ಪಕ್ಕದವರ ಎದುರಿನಲ್ಲಿ ಅಳೆಯಬೇಕು. ಗೋಡೆ ಎದ್ದಮೇಲೆ ಯಾರಿಗೂ ಕೆಡವುವ ಮನಸ್ಸಾಗುವುದಿಲ್ಲ.

ರಸ್ತೆಯ ಮೇಲೂ ಇದೇ ಕಟ್ಟುಪಾಡು ಇರಬೇಕು. ಕಲ್ಲಿನ ಅಂಕಿಯನ್ನು ಮೀರುವ ರಸ್ತೆ ಕಾಮಗಾರಿಗೆ ಬಿಲ್ಲು ಪಾವತಿಯಾಗಕೂಡದು. ಹಳೆಯದನ್ನು ಕೆರೆದು ತೆಗೆದು ಹೊಸದನ್ನು ಹಾಕಿ ಎನ್ನಿ. ಕೆರೆಯುವ ಯಂತ್ರಕ್ಕೆ ಖರ್ಚು ಹೆಚ್ಚೆಂದು ಇಂಜಿನಿಯರು ಹೇಳುತ್ತಾರೆ. ಹೌದು, ಹೆಚ್ಚು. ಇಷ್ಟು ವರ್ಷ ಆ ಖರ್ಚನ್ನು ಇಟ್ಟಿಗೆಯ ರೂಪದಲ್ಲಿ ಅಜ್ಜಿಯಂಥವರು ಕೊಡುತ್ತ ಬಂದಿದ್ದಾರೆ, ಅಷ್ಟೆ. ಪುರಸಭೆಯ ಲೆಕ್ಕದಲ್ಲಿ ಅದು ಕಾಣಲಿಲ್ಲ.

ಬಿದ್ದ ನೀರನ್ನೆಲ್ಲ ಓಡಿಸಿಯೇ ತೀರಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಯಿತು - ಹೊಸ ಮನೆಗಳಾದರೆ 1,200 ಚದರಡಿ ನಿವೇಶನದಿಂದಲೇ. ನಮ್ಮಲ್ಲಿಯೂ ಮನೆಯ ಸುತ್ತ ಬಿಡುವ ಜಾಗದಲ್ಲಿ ಅರ್ಧವನ್ನಾದರೂ ಮಣ್ಣಾಗಿಯೇ ಬಿಡಬೇಕೆಂದು ನಿಯಮ ಮಾಡಿದರೆ ತಪ್ಪೇನು? ಆ ಜಾಗವನ್ನು ಬಿಡಿಸಿದ್ದು ಗಾಳಿ ಬೆಳಕಿಗಾಗಿ ಮಾತ್ರವಲ್ಲ.

ಈಗಾಗಲೇ ಕೆಳಗೆ ಉಳಿದವರಿಗೇನು ಎಂದು ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ರಸ್ತೆಯನ್ನು ಒಂದಡಿ ಇಳಿಸಿದರೆ ಈ ಬೀದಿಯಲ್ಲಿ ಕೆಲವು ಮನೆಗಳು ಬದುಕುತ್ತವೆ, ಎಲ್ಲವೂ ಅಲ್ಲ. ಚರಂಡಿಯ ತಳ ಅವರ ಬಚ್ಚಲಿಗಿಂತ ಮೇಲಿದ್ದರೆ ರಸ್ತೆ ಇಳಿಸಿಯೂ ಪ್ರಯೋಜನವಿಲ್ಲ. ಚರಂಡಿಯನ್ನು ಹಳ್ಳದವರೆಗೂ ಆಳ ಮಾಡಬೇಕು, ಮೋರಿಗಳನ್ನು ಒಡೆದು ಕಟ್ಟಬೇಕು. ಯಾವ ಮನೆಗೆ ಯಾವುದು ಬೇಕೆಂದು ಹೇಳಬೇಕಾದರೆ ಮೊದಲು ಅಂಕಿ ಬೇಕು. ಅರ್ಜಿಯಲ್ಲಿ 'ನೀರು ನುಗ್ಗುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ' ಎಂದು ಹದಿನೈದು ವರ್ಷ ಬರೆದಿದ್ದೇವೆ. ಕ್ರಮ ಎಂಬುದು ಬಂದಿಲ್ಲ. 'ಹನ್ನೊಂದನೆಯ ನಂಬರಿನ ಮನೆಯ ಹೊಸಿಲು ರಸ್ತೆಗಿಂತ ಹದಿನಾಲ್ಕು ಇಂಚು ಕೆಳಗಿದೆ, ಚರಂಡಿಯ ತಳಕ್ಕಿಂತ ಎರಡಿಂಚು ಕೆಳಗಿದೆ' ಎಂದು ಬರೆದು ನೋಡೋಣ. ಅದಕ್ಕೆ ಇಂಜಿನಿಯರು ಹೌದೆನ್ನಬೇಕು ಅಥವಾ ಬಂದು ಅಳೆಯಬೇಕು.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮೂರನೆಯ ಅಡ್ಡರಸ್ತೆಯಿಂದ ಶುರುಮಾಡೋಣ. ನನ್ನ ಮನೆಯಲ್ಲಿ ಅರವತ್ತಡಿ ಪೈಪು ಇದೆ. ಇಬ್ಬರು ಮೇಸ್ತ್ರಿಗಳು ಬರಲು ಒಪ್ಪಿದ್ದಾರೆ. ಬರೆದುಕೊಳ್ಳಲು ಅಕ್ಷರ ಚೆನ್ನಾಗಿರುವ ಇಬ್ಬರು ಹುಡುಗರು ಬೇಕು. ಅಜ್ಜಿಯ ಮನೆಯಿಂದಲೇ ಮೊದಲು ಮಾಡಬೇಕೆಂದು ನನ್ನ ಆಸೆ. ಕಾಫಿ ಕೊಡುತ್ತೇನೆಂದು ಅವರು ಈಗಾಗಲೇ ಹೇಳಿ ಕಳಿಸಿದ್ದಾರೆ.